ಇನ್ನೊಂದು ಆಸಿಲೇಟರ್ ತರಿಸುವ ಮುಂಚೆ

ತಮ್ಮಾ, ಮುಂದಿನ ಸಂಬಳ ಬಂದ ಕೂಡಲೇ ಇನ್ನೊಂದು ಆಸಿಲೇಟರ್ ತರಿಸುತ್ತೇನೆ ಅಂದೆಯಲ್ಲ, ಸ್ವಲ್ಪ ತಡಿ. ನಿನ್ನ ಮಾಡ್ಯುಲರ್ ಸಿಂಥಸೈಜರ್ ಪೆಟ್ಟಿಗೆಯಲ್ಲಿ ಆಗಲೇ ಎರಡಿವೆ. ಫಿಲ್ಟರ್ ಇದೆ, ನಿಧಾನ ಅಲೆ ಕೊಡುವ ಎಲ್‌ಎಫ್‌ಓ ಇದೆ, ಸದ್ದು ಏರಿಳಿಸುವ ವಿಸಿಎ ಇದೆ. ಇಷ್ಟಿದ್ದೂ ಎಲ್ಲ ಪ್ಯಾಚೂ ಒಂದೇ ಥರ ಕೇಳುತ್ತದೆ ಅಂತ ಗೊಣಗುತ್ತೀಯ. ಹೊರಗಿನಿಂದ ತರಿಸುವ ಸಾಮಾನಿಗೆ ಕಸ್ಟಮ್ಸ್ ಸುಂಕ ಬೇರೆ. ಆ ದುಡ್ಡಿನ ಕಾಲು ಭಾಗ ಅಗ್ಗದ ಯುಟಿಲಿಟಿ ಮಾಡ್ಯೂಲುಗಳಿಗೆ ಹಾಕು.

ಮೊದಲು ಬೇಕಾದದ್ದು ವೋಲ್ಟೇಜ್ ತಗ್ಗಿಸುವ ಅಟೆನ್ಯುವೇಟರ್. ನಿನ್ನ ಎಲ್‌ಎಫ್‌ಓ ಮೈನಸ್ 5ರಿಂದ ಪ್ಲಸ್ 5 ವೋಲ್ಟ್‌ವರೆಗೆ ಓಡಾಡುತ್ತದೆ. ಆಸಿಲೇಟರಿಗೋ ಒಂದು ವೋಲ್ಟ್ ಅಂದರೆ ಒಂದು ಸಪ್ತಕ. ನೇರ ಚುಚ್ಚಿದರೆ ಶ್ರುತಿ ಹತ್ತು ಸಪ್ತಕ ಏರಿಳಿಯುತ್ತದೆ. ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ ಇರುವ ದೂರ ಸುಮಾರು 83 ಮಿಲಿವೋಲ್ಟ್ ಅಷ್ಟೇ. ಸ್ವರವನ್ನು ಸಣ್ಣಗೆ ನಡುಗಿಸಲು ಅದರ ಅರ್ಧ ಸಾಕು. 100 ಕಿಲೋಓಮಿನ ಒಂದು ಪೊಟೆನ್ಷಿಯೋಮೀಟರ್, ಎರಡು ಸಾಕೆಟ್, ಒಂದು ಖಾಲಿ ಪ್ಯಾನೆಲ್: ಮನೆಯಲ್ಲೇ ಬೆಸುಗೆ ಹಾಕಬಹುದು, ಕರೆಂಟೂ ಬೇಡ.

ಆಮೇಲೆ ಅಟೆನ್ಯುವರ್ಟರ್, ಜೊತೆಗೆ ಇಡೀ ಅಲೆಯನ್ನು ಮೇಲೆ ಕೆಳಗೆ ಸರಿಸುವ ಆಫ್‌ಸೆಟ್. ನಾಬ್ ನಡುವಿನಲ್ಲಿದ್ದರೆ ಸೊನ್ನೆ, ಎಡಕ್ಕೆ ತಿರುಗಿಸಿದರೆ ಅಲೆ ತಲೆಕೆಳಗು. ಒಂದೇ ಎಲ್‌ಎಫ್‌ಓ ಎರಡು ಕಡೆ ಕೊಟ್ಟು, ಒಂದನ್ನು ತಲೆಕೆಳಗು ಮಾಡಿ ಕೇಳು. ವಿಸಿಎ ಮುಚ್ಚುತ್ತಿದ್ದಂತೆ ಫಿಲ್ಟರ್ ತೆರೆಯುತ್ತದೆ, ಸದ್ದು ಸಣ್ಣದಾಗುತ್ತಲೇ ಹೊಳಪಾಗುತ್ತದೆ. ಹೊಸ ಆಸಿಲೇಟರಿನಿಂದ ಇದು ಬರುವುದಿಲ್ಲ.

ಹಂಚುವುದಕ್ಕೆ ಮಲ್ಟಿಪಲ್. ನಿಮ್ಮ ಸೂರತ್ತಿನ ವರಾಛಾದ ವಜ್ರದ ಕಾರ್ಖಾನೆಗಳಲ್ಲಿ ಒಂದೇ ಘಂಟಿಯ (ಸಾಣೆ ಚಕ್ರದ) ಸುತ್ತ ನಾಲ್ಕು ಜನ ಕೂತು ಹರಳು ಉಜ್ಜುವುದನ್ನು ನೀನೇ ನೋಡಿದ್ದೀಯ; ಒಂದು ಎಲ್‌ಎಫ್‌ಓ ಹಾಗೆ ನಾಲ್ಕು ಕಡೆ ದುಡಿಯಲಿ. ಆದರೆ ಶ್ರುತಿಯ ವೋಲ್ಟೇಜಿಗೆ ಬರೀ ತಂತಿ ಕೂಡಿಸಿದ ಮಲ್ಟಿಪಲ್ ನಂಬಬೇಡ. ಹೊರಹೋಗುವ ಕಡೆ 1 ಕಿಲೋಓಮ್ ಇದ್ದು, ತಲಾ 100 ಕಿಲೋಓಮಿನ ಮೂರು ಆಸಿಲೇಟರ್ ಎಳೆದರೆ ವೋಲ್ಟೇಜ್ ಸುಮಾರು ಶೇಕಡಾ 3 ಕುಸಿಯುತ್ತದೆ. 3 ವೋಲ್ಟಿನ ಸ್ವರದಲ್ಲಿ ಅದು ಹೆಚ್ಚುಕಡಿಮೆ ಒಂದು ಸ್ವರಸ್ಥಾನ. ಅಲ್ಲಿಗೆ ಬಫರ್ ಇರುವ ಮಲ್ಟಿಪಲ್ಲೇ ಬೇಕು. ಇನ್ನೊಂದು ಮಾತು: ಮಲ್ಟಿಪಲ್ ಹಂಚಲಿಕ್ಕೆ ಮಾತ್ರ. ಎರಡು ಔಟ್‌ಪುಟ್ ಅದಕ್ಕೆ ಚುಚ್ಚಿ ಕೂಡಿಸಲು ಹೋದರೆ ಒಂದನ್ನೊಂದು ಎಳೆದಾಡುತ್ತವೆ. ಕೂಡಿಸಬೇಕಾದರೆ ಮಿಕ್ಸರ್.

ಸ್ಯಾಂಪಲ್ ಅಂಡ್ ಹೋಲ್ಡ್, ಸ್ಲ್ಯೂ ಥರದ ಉಳಿದ ಯುಟಿಲಿಟಿಗಳನ್ನು ಆಮೇಲೆ ನೋಡೋಣ. ಲಾಜಿಕ್ ಮಾಡ್ಯೂಲ್ ಸದ್ಯಕ್ಕೆ ಬೇಡವೇ ಬೇಡ, ಅದೊಂದು ಚಟ.

ಇಷ್ಟರಲ್ಲೇ ಏನಾಗುತ್ತದೆ ಅನ್ನಿಸಿದರೆ ಅಹಮದಾಬಾದಿನ ಪಾಲ್ಡಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯನ್ನು ನೆನೆಸಿಕೋ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೋಗ್ ಮಾಡ್ಯುಲರ್ ಜೋಡಿಸಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಅದರಲ್ಲಿ ಕೆಲಸ ಮಾಡಿದರು. ಅವರು ಆಗ ರೆಕಾರ್ಡ್ ಮಾಡಿದ ಟೇಪುಗಳನ್ನು ಸಂಗೀತಗಾರ ಪಾಲ್ ಪರ್ಗಾಸ್ ಹುಡುಕಿ ತೆಗೆದು, 2023ರಲ್ಲಿ ಆಲ್ಬಮ್ ಮಾಡಿದ್ದಾರೆ. ಒಂದು ಸಂಜೆ ಕೂತು ಪೂರ್ತಿ ಕೇಳು. ಫೋನ್ ತೆಗೆದು ಹೊಸ ಮಾಡ್ಯೂಲ್ ಆರ್ಡರ್ ಮಾಡುವ ಕಾಲವಲ್ಲ ಅದು. ಎದುರಿಗಿದ್ದ ಯಂತ್ರದ ತಂತಿ ಬದಲಿಸಿ ಬದಲಿಸಿ ಅಷ್ಟು ಬಗೆಯ ಸದ್ದು ತೆಗೆದರು. ನಿನ್ನದಕ್ಕಿಂತ ಅವರ ಕಿವಿ ದೊಡ್ಡದೇನಲ್ಲ, ತಾಳ್ಮೆ ಮಾತ್ರ ದೊಡ್ಡದಿತ್ತು.

ಮಾಡ್ಯೂಲ್ ಕೈಗೆ ಬಂದಾಗ ಆತುರ ಪಡಬೇಡ. ಸ್ವಿಚ್ ಆರಿಸಿಯೇ ಕೂರಿಸು. ಚಪ್ಪಟೆ ಕೇಬಲ್ಲಿನ ಕೆಂಪು ಗೆರೆ ಸಾಮಾನ್ಯವಾಗಿ ಮೈನಸ್ 12 ವೋಲ್ಟಿನ ಕಡೆಗೆ; ಬೋರ್ಡಿನ ಮೇಲಿನ ಗುರುತನ್ನೂ ಒಮ್ಮೆ ನೋಡು. ಮೊದಲ ವಾರ ಎರಡು ಆಸಿಲೇಟರುಗಳಲ್ಲಿ ಒಂದರ ತಂತಿ ಕಿತ್ತಿಟ್ಟು, ಉಳಿದ ಒಂದರಲ್ಲೇ ನುಡಿಸಿ, ರೆಕಾರ್ಡ್ ಮಾಡಿ ನನಗೆ ಕಳಿಸು.