ರೋಗದ ಹೆಸರು ಹೇಳಿದ ವೈದ್ಯೆ

ಕ್ಯಾನ್ಸರ್ ಎಂಬ ಮಾತನ್ನು ಬಾಯಿಬಿಟ್ಟು ಆಡಲು ಜನ ಅಂಜುತ್ತಿದ್ದ ಕಾಲವೊಂದಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ‘ಕೆಟ್ಟ ಬ್ಯಾನಿ’ ಎಂದಷ್ಟೇ ಹೇಳಿ ದನಿ ತಗ್ಗಿಸುತ್ತಿದ್ದ ಹಿರಿಯರನ್ನು ನಾನು ಕಂಡಿದ್ದೇನೆ. ರೋಗಿಗೂ ರೋಗದ ಹೆಸರು ತಿಳಿಸುತ್ತಿರಲಿಲ್ಲ. ನೆರೆಮನೆಯವರಿಗೆ ತಿಳಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯ ಬೇರೆ! ಹೀಗೆ ಮುಚ್ಚಿಡುವುದರಲ್ಲಿಯೇ ದಿನಗಳು ಕಳೆದು, ವಾಸಿಯಾಗಬಹುದಾಗಿದ್ದ ಗಡ್ಡೆಯೂ ಕೈಮೀರುತ್ತಿತ್ತು. ಈ ಮೌನವನ್ನು ಕನ್ನಡದಲ್ಲಿ ಮುರಿದವರಲ್ಲಿ ಡಾ. ಅನುಪಮಾ ನಿರಂಜನ ಅವರು ಒಬ್ಬರು.

ತೀರ್ಥಹಳ್ಳಿಯಲ್ಲಿ 1934ರಲ್ಲಿ ಜನಿಸಿದ ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ವೈದ್ಯೆಯಾಗಿ ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ವೃತ್ತಿ ನಡೆಸಿದರು. ಕಾದಂಬರಿಕಾರ ನಿರಂಜನರು ಅವರ ಪತಿ. ‘ದಿನಕ್ಕೊಂದು ಕಥೆ’ ಸಂಪುಟಗಳಿಂದ ಮಕ್ಕಳಿಗೆ ಅವರು ಪರಿಚಿತರು. ವೈದ್ಯರೆದುರು ನಾಚಿ ತಲೆತಗ್ಗಿಸುವ ಹೆಣ್ಣುಮಕ್ಕಳಿಗಾಗಿ ಅವರು ಬರೆದ ‘ತಾಯಿ-ಮಗು’, ‘ಕೇಳು ಕಿಶೋರಿ’ ಮೊದಲಾದ ಪುಸ್ತಕಗಳ ಉಪಕಾರ ಕಥೆಗಳದಕ್ಕಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ. ಕೇಳಲಾಗದ ಪ್ರಶ್ನೆಗೆ ಉತ್ತರವನ್ನು ಮನೆಯ ಮೂಲೆಯಲ್ಲಿ ಕುಳಿತು ಓದಿಕೊಳ್ಳಬಹುದಾಗಿತ್ತು.

ಪತಿ ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ಮನೆಯಲ್ಲಿ ಅನುಪಮಾ ಅವರಿಗೂ ಕ್ಯಾನ್ಸರ್ ತಗುಲಿತು. ರೋಗಿಗಳಿಗೆ ಧೈರ್ಯ ಹೇಳುತ್ತಿದ್ದವರು ತಾವೇ ರೋಗಿಯಾದರು. ಆದರೂ ಅವರು ಆ ವಿಷಯವನ್ನು ಬಚ್ಚಿಡಲಿಲ್ಲ; ‘ಕ್ಯಾನ್ಸರ್ ಜಗತ್ತು’ ಎಂಬ ಪುಸ್ತಕವನ್ನೇ ಕನ್ನಡಿಗರ ಕೈಗಿತ್ತರು. ಹೊದಿಕೆಯ ಮೇಲೆಯೇ ಆ ಹೆಸರು! 1991ರಲ್ಲಿ ಅವರು ತೀರಿಕೊಂಡಾಗ ವಯಸ್ಸು ಐವತ್ತಾರು.

ಮೆದುಳಿನ ಗಡ್ಡೆಯ ವಿಷಯದಲ್ಲಿ ಇಂತಹ ಮಾತು ಇಂದಿಗೂ ಸಾಲದು. ಅಲ್ಲಿ ಬೆಳೆಯುವ ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ತಲೆಬುರುಡೆ ಹಿಗ್ಗದ ಎಲುಬಿನ ಪೆಟ್ಟಿಗೆ. ಒಳಗೆ ಚಿಕ್ಕ ಗಡ್ಡೆ ಬೆಳೆದರೂ ಮೆದುಳಿನ ಮೇಲೆ ಒತ್ತಡ ಬೀಳುತ್ತದೆ. ಬೆಳಗ್ಗೆ ಏಳುವಾಗಲೇ ಹೆಚ್ಚುವ ತಲೆನೋವು, ಅದರೊಡನೆ ವಾಂತಿ, ಮಂಜಾಗುವ ದೃಷ್ಟಿ, ಎಂದೂ ಇಲ್ಲದ ಮೂರ್ಛೆ — ಇವು ಅದರ ಲಕ್ಷಣಗಳಾಗಿರಬಹುದು. ತಲೆನೋವುಗಳಲ್ಲಿ ಬಹುಪಾಲು ಗಡ್ಡೆಯವಲ್ಲವೆಂಬುದೂ ನಿಜ. ಪರೀಕ್ಷಿಸಿ ಹೇಳಬೇಕಾದವರು ವೈದ್ಯರು. ಮೂರ್ಛೆ ಬಂದವನನ್ನು ಗಾಳಿ ಸೋಕಿತೆಂದು ತಾಯತ ಕಟ್ಟಿಸಿ ಕೂರಿಸಿಕೊಂಡರೆ ಗಡ್ಡೆ ಕಾಯುವುದಿಲ್ಲ. ಈ ಅರಿವು ಹರಡಲೆಂದು ಜರ್ಮನಿಯ ಸಂಘವೊಂದು 2000ದಲ್ಲಿ ಆರಂಭಿಸಿದ ಮೆದುಳಿನ ಗಡ್ಡೆಯ ದಿನವನ್ನು ಪ್ರತಿವರ್ಷ ಜೂನ್ 8ರಂದು ಆಚರಿಸುತ್ತಾರೆ. ಜಮಖಂಡಿಯ ಸೀಮೆಯವರು ಇಂತಹ ಚಿಕಿತ್ಸೆಗೆ ಬೆಳಗಾವಿ, ಹುಬ್ಬಳ್ಳಿ ಇಲ್ಲವೆ ಮಿರಜಿಗೆ ಹೋಗುವುದುಂಟು. ಬಸ್ಸಿನಲ್ಲಿ ಕೆಲವು ಗಂಟೆಗಳ ದಾರಿ; ಆ ಬಸ್ಸು ಹತ್ತುವ ಮೊದಲು ಮನೆಯಲ್ಲಿಯೇ ಕಳೆದುಹೋಗುವುದು ಎಷ್ಟೋ ತಿಂಗಳು.