ಹೆಬ್ಬೆರಳಿನ ಬುಡದ ಗಂಟು

ಪಾದದ ಒಳಮಗ್ಗುಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಕೆಲವರಿಗೆ ಗಂಟಿನಂತಹ ಉಬ್ಬು ಕಾಣಿಸಿಕೊಳ್ಳುತ್ತದೆ. ವೈದ್ಯರು ಇದನ್ನು ಬನಿಯನ್ ಎನ್ನುತ್ತಾರೆ. ಅಂಗಿಯೊಳಗೆ ತೊಡುವ ಬನಿಯನ್ನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ! ಇದನ್ನು ಆಣಿಯೆಂದೇ ಭಾವಿಸಿ ಬ್ಲೇಡಿನಿಂದ ಕೆತ್ತಲು ಹೊರಡುವವರುಂಟು. ಆಣಿಯು ದಪ್ಪಗಟ್ಟಿದ ಚರ್ಮ. ಇದಾದರೋ ಮೂಳೆಯ ಸ್ಥಾನಪಲ್ಲಟ. ಕೆತ್ತಿದರೆ ಉಳಿಯುವುದು ಗಾಯವೊಂದೇ. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಅಂತಹ ಗಾಯ ಬೇಗ ಮಾಯದೆ ಬೆರಳಿಗೇ ಅಪಾಯ ತರಬಲ್ಲದು.

ಹೆಬ್ಬೆರಳಿನ ಹಿಂದೆ ಪಾದದೊಳಗೆ ಉದ್ದನೆಯ ಮೂಳೆಯೊಂದಿದೆ. ಅದರ ಮುಂತುದಿಯು ಮತ್ತೊಂದು ಪಾದದ ಕಡೆಗೆ ವಾಲಿದಂತೆ, ಹೆಬ್ಬೆರಳು ಎರಡನೆಯ ಬೆರಳಿನತ್ತ ಬಾಗುತ್ತದೆ. ನಡುವಣ ಕೀಲು ಮೊಣಕೈಯಂತೆ ಹೊರಚಾಚುತ್ತದೆ. ಕಾಣುವ ಗಂಟು ಬಹುಪಾಲು ಆ ಮೂಳೆಯ ತಲೆಯೇ ಹೊರತು ಹೊಸದಾಗಿ ಬೆಳೆದದ್ದಲ್ಲ. ಒಮ್ಮೆ ಬಾಗಿದ ಬೆರಳನ್ನು ಸ್ನಾಯುರಜ್ಜುಗಳು ಬಿಲ್ಲಿನ ಹೆದೆಯಂತೆ ಅದೇ ದಿಕ್ಕಿಗೆ ಎಳೆಯುವುದರಿಂದ ವಕ್ರತೆ ಹೆಚ್ಚುತ್ತಲೇ ಹೋಗುತ್ತದೆ. ಮೇಲೆ ಪಾದರಕ್ಷೆ ಉಜ್ಜಿದಾಗ ಕೆಂಪೇರಿ ನೋಯುತ್ತದೆ.

ಕಾರಣವೇನು? ವಂಶಪಾರಂಪರ್ಯವಾಗಿ ಬಂದ ಪಾದದ ಆಕಾರ, ಸಡಿಲವಾದ ಕೀಲುಗಳು, ಸಂಧಿವಾತ, ಇವು ಒಂದು ಕಡೆ. ಮುಂಭಾಗ ಕಿರಿದಾದ ಬೂಟು ಹಾಗೂ ಎತ್ತರದ ಹಿಮ್ಮಡಿಯ ಪಾದರಕ್ಷೆ ಮತ್ತೊಂದು ಕಡೆ. 1958ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಅಧ್ಯಯನವೊಂದರಲ್ಲಿ ಪಾದರಕ್ಷೆ ಧರಿಸುವವರ ಪೈಕಿ ನೂರಕ್ಕೆ 33 ಮಂದಿಯಲ್ಲಿ ಈ ವಕ್ರತೆ ಕಂಡಿತು. ಬರಿಗಾಲಿನವರಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಿಮೆ. ಬರಿಗಾಲಿನವರಲ್ಲಿಯೂ ಇದು ಕಂಡದ್ದರಿಂದ ಎಲ್ಲ ತಪ್ಪನ್ನೂ ಬೂಟಿನ ಮೇಲೆಯೇ ಹೊರಿಸಲಾಗದು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ 1992ರಲ್ಲಿ 2300 ಮಕ್ಕಳ ಪಾದಗಳನ್ನು ಕುರಿತು ಬರೆದದ್ದು ಚಪ್ಪಟೆ ಪಾದದ ವಿಷಯ, ಗಂಟಿನದಲ್ಲ. ಆದರೂ ಮುಚ್ಚಿದ ಬೂಟಿನ ಮಕ್ಕಳಲ್ಲಿ ಆ ದೋಷ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ ಎಂಬುದು ಗಮನಾರ್ಹ. ಉಂಗುಷ್ಟದ ಚಪ್ಪಲಿಯಲ್ಲಿ ಬೆರಳುಗಳಿಗೆ ಹರಡಿಕೊಳ್ಳಲು ಎಡೆಯಿದೆಯಲ್ಲವೇ!

ಹೊಲದಲ್ಲಿ ಬರಿಗಾಲಲ್ಲಿ ನಡೆದವರ ಮೊಮ್ಮಕ್ಕಳು ಇಂದು ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಲ್ಲಿ ಪಾಳಿಯುದ್ದಕ್ಕೂ ಉಕ್ಕಿನ ಮೂತಿಯ ಬೂಟಿನಲ್ಲಿ ನಿಲ್ಲುತ್ತಾರೆ. ಆ ಬೂಟನ್ನು ಬಿಡುವಂತಿಲ್ಲ, ಬಿಡಲೂ ಬಾರದು. ಅಗಲವಾದುದನ್ನು ಕೇಳಿ ಪಡೆಯಬಹುದು.

ಬೆರಳುಗಳ ನಡುವೆ ಇಡುವ ಮೆತ್ತೆ, ರಾತ್ರಿ ಕಟ್ಟುವ ಪಟ್ಟಿ ನೋವನ್ನು ತಗ್ಗಿಸಬಲ್ಲವು. ವಯಸ್ಕರ ಬೆರಳನ್ನು ಶಾಶ್ವತವಾಗಿ ನೆಟ್ಟಗೆ ಮಾಡಲಾರವು. ಮೂಳೆಯನ್ನು ಕತ್ತರಿಸಿ ಸರಿಯಾಗಿ ಕೂರಿಸುವ ಶಸ್ತ್ರಚಿಕಿತ್ಸೆ ನಡೆಯಲಾಗದಷ್ಟು ನೋವಿರುವವರಿಗೆ, ಅಂದಕ್ಕಾಗಿ ಅಲ್ಲ. ರಾತ್ರೋರಾತ್ರಿ ಕೀಲು ಕೆಂಪಗೆ ಊದಿ ಸುಡತೊಡಗಿದರೆ ಅದು ಗೌಟ್ ಅಥವಾ ಸೋಂಕು ಇರಬಹುದು. ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಮಕ್ಕಳಿಗೆ ಶಾಲೆಯ ಬೂಟು ಕೊಳ್ಳುವ ಮುನ್ನ, ಪಾದ ಕೊಂಚ ಊದಿರುವ ಸಂಜೆಯ ವೇಳೆ, ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಗೆರೆ ಎಳೆಯಿರಿ. ಅಂಗಡಿಯಲ್ಲಿ ಬೂಟನ್ನು ಆ ಗೆರೆಯ ಮೇಲಿಡಿ. ಗೆರೆ ಬೂಟಿನ ಹೊರಗೆ ಉಳಿದರೆ ಅದನ್ನು ಹಿಂದಿರುಗಿಸಿ, ಅಗಲವಾದ ಮತ್ತೊಂದನ್ನು ಕೇಳಿರಿ.