ಮಕ್ಕಳ ತಟ್ಟೆಗಾಗಿ ಬಾಯಿ ಬಿಡಿ

ಕಾರಟಗಿ ಎಂದರೆ ಅಕ್ಕಿ ಗಿರಣಿಗಳ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಇಲ್ಲಿ ಅನ್ನಕ್ಕೆ ಬರವಿಲ್ಲ. ಆದರೆ ಬರೀ ಅನ್ನ ಹೊಟ್ಟೆ ತುಂಬಿಸೀತು, ಬೆಳೆಯುವ ಮಗುವಿನ ರಕ್ತಹೀನತೆ ನೀಗಿಸದು. ಅದಕ್ಕೆ ಕಾಳು, ಸೊಪ್ಪು, ಮೊಟ್ಟೆ ಬೇಕು.

ಕೇಳಿದರೆ ಸಿಗುತ್ತದೆಯೇ ಎಂಬ ಅನುಮಾನ ಬೇಡ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು. ವಿರೋಧ ಎದ್ದಾಗ ಪಕ್ಕದ ಗಂಗಾವತಿಯ ಶಾಲಾ ಹುಡುಗಿ ‘ನಮಗೆ ಮೊಟ್ಟೆ ಬೇಕು’ ಎಂದು ಗಟ್ಟಿಯಾಗಿ ಹೇಳಿದಳು, ನಾಡೆಲ್ಲ ಕೇಳಿಸಿಕೊಂಡಿತು. ಮುಂದೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮೊಟ್ಟೆ ಹೋಯಿತು.

ನೀವೂ ಹೀಗೆ ಮಾಡಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ ತಪ್ಪಿಸಬೇಡಿ. ಬಿಸಿಯೂಟದ ಹೊತ್ತಿಗೆ ಹೋಗಿ, ಸೌಟು ಎತ್ತಿದಾಗ ಬೇಳೆ, ತರಕಾರಿ ಕಾಣುತ್ತದೆಯೇ ನೋಡಿ. ಅಡುಗೆಯ ಅಕ್ಕಂದಿರ ಮೇಲೆ ರೇಗಬೇಡಿ. ಸಾಮಾನು ಕಡಿಮೆ ಬಂದಿದ್ದರೆ ಅವರ ಪರವಾಗಿಯೂ ಮಾತಾಡಿ. ಮನೆಯಲ್ಲಿ ವಾರಕ್ಕೆರಡು ದಿನವಾದರೂ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಇರಲಿ.

ಊಟದ ಜೊತೆಗೆ ಆಟವೂ ಬೇಕು. ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಳಸಿ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓಣಿಯಲ್ಲಿ ಜಾಗವಿಲ್ಲದಿದ್ದರೆ, ಸಂಜೆ ಶಾಲಾ ಮೈದಾನ ತೆರೆದಿಡಲು ಕೇಳಿ. ಬೀದಿದೀಪಕ್ಕೆ, ಹೆಣ್ಣುಮಕ್ಕಳು ನಿರ್ಭಯವಾಗಿ ನಡೆಯುವ ದಾರಿಗೆ ಪುರಸಭೆಗೆ ಅರ್ಜಿ ಕೊಡಿ. ಓಣಿಯವರೆಲ್ಲ ಸಹಿ ಹಾಕಿ, ಸ್ವೀಕೃತಿ ಪಡೆದು, ತಿಂಗಳಾದ ಮೇಲೆ ಮತ್ತೆ ಹೋಗಿ ವಿಚಾರಿಸಿ. ಒಬ್ಬರು ಹೋದರೆ ಕಾಯಿಸುತ್ತಾರೆ. ಹತ್ತು ಮಂದಿ ಹೋದರೆ ಕೂರಿಸಿ ಮಾತಾಡುತ್ತಾರೆ.